ಗಂಟೆ ಹೊಡೆಯದ ಏಳು ಭಾನುವಾರ

ನಮ್ಮ ಯಜಮಾನರಿಗೆ ಹಾಡಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಅವರಿಗೆ ಗೊತ್ತಿದ್ದರೆ ಪರವಾಗಿರಲಿಲ್ಲ, ಅದೂ ಗೊತ್ತಿರಲಿಲ್ಲ. ಸಭೆಯೆಲ್ಲ ಮೊದಲನೆಯ ಸಾಲಿನಲ್ಲಿದ್ದರೆ ಇವರು ಎರಡನೆಯದಕ್ಕೆ ಹೋಗಿ ಕಾಯುತ್ತಿದ್ದರು. ಎಲ್ಲರೂ ಮೇಲೇರಿದರೆ ಇವರು ಕೆಳಗೆ, ಎಲ್ಲರೂ ಇಳಿದರೆ ಇವರು ಅಟ್ಟದ ಮೇಲೆ. ಬೇರೆ ಊರಾಗಿದ್ದರೆ ಆರಾಧನೆ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡಿದ್ದು ಮನೆಗೆ ಹೋಗಬಹುದಿತ್ತು. ನಮ್ಮ ಊರಿನಲ್ಲಿ ಹಾಗಲ್ಲ. ನಮ್ಮ ಚರ್ಚಿನಲ್ಲಿ ಭಾನುವಾರ ಕೊನೆಗೆ ಹಾಡಿದ ಹಾಡು ಮುಂದಿನ ಭಾನುವಾರದವರೆಗೂ ಅಲ್ಲೇ ಇರುತ್ತದೆ. ಜನ ಎದ್ದು ಹೋದರೂ ಅದು ಹೋಗುವುದಿಲ್ಲ. ಒಂದು ಸುತ್ತು ಮುಗಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಯಾರು ಯಾವ ಬೆಂಚಿನ ಹತ್ತಿರ ನಿಂತು ಹಾಡಿದ್ದರೋ ಅವರ ಧ್ವನಿ ಆ ಬೆಂಚಿನ ಹತ್ತಿರವೇ ಕೇಳಿಸುತ್ತದೆ. ಮುಂದಿನ ಭಾನುವಾರ ಸಭೆ ಕೂಡಿ ಮೊದಲನೆಯ ಹಾಡು ಎತ್ತಿದಾಗ ಹಳೆಯದು ಹೊರಟುಹೋಗುತ್ತದೆ. ಹೀಗಾಗಿ ನಮ್ಮ ಯಜಮಾನರ ಅಪಸ್ವರವನ್ನು ಊರೆಲ್ಲ ವಾರವಿಡೀ ಕೇಳಿಕೊಂಡಿರಬೇಕಿತ್ತು.

ಹುಟ್ಟಿದಾಗಿನಿಂದ ಅದರ ಜೊತೆಗೇ ಇದ್ದವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ತಾಪತ್ರಯಗಳಿದ್ದವು. ಕೊನೆಗೆ ಹಾಡುವ ಕಾಣಿಕೆಯ ಹಾಡಿನ ನಡುವೆ ಯಾರಾದರೂ ಕೆಮ್ಮಿದರೆ ಆ ಕೆಮ್ಮು ಶನಿವಾರದ ತನಕ ಕೆಮ್ಮುತ್ತಲೇ ಇರುತ್ತಿತ್ತು. ಅದಕ್ಕೇ ಚಳಿಗಾಲದಲ್ಲಿ ಬಾಗಿಲ ಬಳಿ ಒಂದು ಡಬ್ಬಿಯಲ್ಲಿ ಪೆಪ್ಪರಮೆಂಟು ಇಡುತ್ತಿದ್ದೆವು. ತಾಯಂದಿರು ಬುಧವಾರವೋ ಗುರುವಾರವೋ ಒಳಗೆ ಬಂದು, ಗಂಡಸರ ಸಾಲಿನಲ್ಲಿ ತಮ್ಮ ಮಗ ನಿಂತಿದ್ದ ಜಾಗಕ್ಕೆ ಹೋಗಿ ಕಿವಿಗೊಟ್ಟು, ಅವನು ಹಾಡಿದ್ದನೋ ಬರೀ ಪಕ್ಕದವನ ಜೊತೆ ಹರಟೆ ಹೊಡೆದಿದ್ದನೋ ಪತ್ತೆ ಮಾಡುತ್ತಿದ್ದರು. ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಮನೆಗೆ ಹೋಗುತ್ತಿರಲಿಲ್ಲ, ಚರ್ಚಿಗೆ ಬಂದು ಅವಳ ಬೆಂಚಿನ ಹತ್ತಿರ ನಿಂತು ಧ್ವನಿ ಕೇಳಿಕೊಂಡು ಹೋಗುತ್ತಿದ್ದರು. ಮುಖಕ್ಕೆ ಪೌಡರು ಹಚ್ಚಬಹುದು, ಹಾಡಿಗೆ ಏನು ಹಚ್ಚುತ್ತೀರಿ?

ಸಾವಾದರೆ ಇನ್ನೊಂದು ಪದ್ಧತಿ. ಸತ್ತವರನ್ನು ನಾವು ಚರ್ಚಿನೊಳಗೆ ತರುವುದಿಲ್ಲ. ಅವರ ಕೊನೆಯ ಭಾನುವಾರದ ಹಾಡು ಒಳಗೆ ಇನ್ನೂ ನಡೆಯುತ್ತಿರುತ್ತದಲ್ಲ, ಅದಕ್ಕೆ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಳಿಸಿ, ಬಾಗಿಲು ಪೂರ್ತಿ ತೆಗೆದು, ಒಂದು ಸುತ್ತು ಹಾಡು ಮುಗಿಯುವವರೆಗೆ ಎಲ್ಲರೂ ಸುಮ್ಮನೆ ನಿಲ್ಲುತ್ತೇವೆ. ಆಮೇಲೆ ಸಮಾಧಿಗೆ ಹೋಗುವುದು. ಭಾನುವಾರ ಬಂದಾಗ ಮನೆಯವರು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ, ಸಭೆ ಹಾಡುತ್ತದೆ, ಸತ್ತವರ ಧ್ವನಿ ಹೋಗುತ್ತದೆ. ನಾನು ಎಷ್ಟು ಜನರ ಪಕ್ಕದಲ್ಲಿ ಕೂತು ಬೆನ್ನು ಸವರಿ, "ಗಟ್ಟಿ ಮನಸ್ಸು ಮಾಡ್ಕೊಳಮ್ಮಾ, ಎಲ್ಲರೂ ಹೋಗೋರೇ" ಎಂದಿದ್ದೆನೋ ಲೆಕ್ಕವಿಲ್ಲ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿದೆಯೇ?

ನಮ್ಮ ಯಜಮಾನರ ಹೆಸರು ನತಾನಪ್ಪ, ನಾನು ಕೃಪಾಮಣಿ. ಚರ್ಚಿನ ಬೀಗ, ಗಂಟೆ, ಕಸಪೊರಕೆ ಮೂರೂ ಇವರ ಪಾಲಿಗೆ ಬಂದದ್ದು. ಚರ್ಚಿನ ಹಿಂದೆಯೇ ಎರಡು ಕೋಣೆಯ ಮನೆ. ಮಕ್ಕಳಾಗಲಿಲ್ಲ. ಮೂವತ್ತನಾಲ್ಕು ವರ್ಷ ನಾವಿಬ್ಬರೇ ಕಚ್ಚಾಡಿಕೊಂಡು ಚೆನ್ನಾಗಿದ್ದೆವು. ಭಾನುವಾರ ಗಂಟೆ ಹೊಡೆದು ಇವರು ಗಂಡಸರ ಕಡೆಯ ಕೊನೆಯ ಬೆಂಚಿಗೆ ಬರುತ್ತಿದ್ದರು, ನಾನು ಹೆಂಗಸರ ಕಡೆಯ ಕೊನೆಯ ಬೆಂಚು. ನಡುವೆ ನಡೆದಾಡುವಷ್ಟು ಜಾಗ. ಆ ಜಾಗ ದಾಟಿ ನಾನು ಇವರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೆ, ಇವರು ಕಣ್ಣು ಮುಚ್ಚಿಕೊಂಡು ಅರಚುತ್ತಿದ್ದರು.

ಆ ವರ್ಷ ನಮ್ಮ ಸಭೆಯ ಹಿರಿಯರಾದ ಎಜ್ರಪ್ಪನವರ ತಂಗಿಯ ಮಗಳನ್ನು ನೋಡಲು ದೂರದಿಂದ ಒಂದು ಬಳಗ ಬಂದಿತ್ತು. ಮಂಗಳವಾರ. ನಾನು ಕಿಟಕಿಗಳ ಧೂಳು ಒರೆಸುತ್ತಿದ್ದೆ. ಬಂದವರಲ್ಲಿ ಒಬ್ಬಳು ಹಿಂದಿನ ಬೆಂಚಿನ ಹತ್ತಿರ ಬಂದವಳೇ ಕಿವಿ ಮುಚ್ಚಿಕೊಂಡು, "ಅಯ್ಯೋ, ಇಲ್ಯಾರೋ ಎಮ್ಮೆ ಕಟ್ಟಿದ್ದಾರಲ್ರೇ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಆ ಸಿಟ್ಟನ್ನು ನಾನು ನಾಲ್ಕು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಶನಿವಾರ ಹೊರಗೆ ಹಾಕಿದೆ. "ಏನ್ರೀ, ನಾಳೆಯಿಂದ ಸ್ವಲ್ಪ ಬಾಯಿ ಮುಚ್ಕೊಂಡು ಹಾಡ್ತೀರಾ? ಊರವರ ಮುಂದೆ ನನ್ನ ಮಾನ ಹೋಗ್ತಾ ಇದೆ."

"ಬಾಯಿ ಮುಚ್ಕೊಂಡು ಹೇಗೇ ಹಾಡೋದು?" ಎಂದರು.

"ತುಟಿ ಅಲ್ಲಾಡಿಸಿ, ಸಾಕು. ದೇವರೇನು ಕಿವುಡನಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದರು, ನನ್ನನ್ನೇ ಇನ್ನಷ್ಟು ರೇಗಿಸುತ್ತಿದ್ದರು. ಅವತ್ತು ನಗಲಿಲ್ಲ. "ಆಯ್ತು ಬಿಡು" ಎಂದು, ಗಂಟೆಯ ಕೀಲಿಗೆ ಎಣ್ಣೆ ಬಿಡಲು ಹೋದರು.

ಮರುದಿನ ಕಾಣಿಕೆಯ ಹಾಡಿನಲ್ಲಿ ಅಷ್ಟು ಹತ್ತಿರದಲ್ಲಿದ್ದ ನನಗೇ ಇವರ ಧ್ವನಿ ಕೇಳಿಸಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ನನಗೆ ಸಂತೋಷವಾಯಿತು. ದೇವರು ನನ್ನನ್ನು ಕ್ಷಮಿಸಲಿ, ನಿಜವಾಗಿಯೂ ಸಂತೋಷವಾಯಿತು. ಆದರೆ ನಾಲ್ಕನೆಯ ಚರಣದ ಕಟ್ಟಕಡೆಯ ಸಾಲು ಬಂದಾಗ ಇವರಿಗೆ ಮೈಮೇಲಿನ ಪ್ರಜ್ಞೆ ತಪ್ಪಿತೋ ಏನೋ, ಹಳೆಯ ಹಾಗೆಯೇ ಗಂಟಲು ಬಿಚ್ಚಿ ಕೂಗಿಬಿಟ್ಟರು: "ನೀ ಕೊಟ್ಟದ್ದೆಲ್ಲ, ಇಗೋ, ನಿನ್ನ ಕೈಗೆ!" ನಾನು ಕಣ್ಣು ಕೆಕ್ಕರಿಸಿದೆ. ಇವರು ತಪ್ಪಾಯಿತು ಎನ್ನುವಂತೆ ನನ್ನ ಕಡೆ ಕೈ ಮುಗಿದರು.

ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರು, "ಯಾಕೋ ಎದೆ ಹಿಡ್ಕೊಂಡಂಗಾಗ್ತಿದೆ ಕಣೇ" ಎಂದರು. ನಾನು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದವರು ಹಾಗೆಯೇ ಜಾರಿದ್ದರು. ಲೋಟ ಕೂಡ ಉರುಳಿರಲಿಲ್ಲ.

ಶುಕ್ರವಾರ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಳಿಸಿದರು. ಬಾಗಿಲು ತೆಗೆಯುತ್ತಿದ್ದವರೇ ಪೆಟ್ಟಿಗೆಯಲ್ಲಿದ್ದುದರಿಂದ ಬೀಗದ ಕೈ ನನ್ನ ಹತ್ತಿರ ಬಂತು, ನಾನೇ ತೆಗೆದೆ. ಜನ ಕಿವಿಗೊಟ್ಟು ನಿಂತರು. ಮೊದಲನೆಯ ಚರಣ ಆಯಿತು, ಎರಡನೆಯದಾಯಿತು. ಯಾವ ಧ್ವನಿಯನ್ನು ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿತ್ತೋ ಅದು ಯಾರಿಗೂ ಸಿಗಲೊಲ್ಲದು. ಎಜ್ರಪ್ಪನವರು ನನ್ನ ಕಡೆ ಬಾಗಿ, "ಅವತ್ತು ನತಾನಪ್ಪ ಹಾಡ್ಲಿಲ್ವಾ ತಂಗೀ? ಮೈ ಸರಿ ಇರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಆಗ ಆ ಕೊನೆಯ ಸಾಲು ಬಂತು. ಇವರ ಧ್ವನಿ ಬಾಗಿಲಿನಿಂದ ಹೊರಗೆ ನುಗ್ಗಿತು. ಅಂಗಳದಲ್ಲಿದ್ದ ಜನರೆಲ್ಲ ಹೋ ಎಂದು ಅತ್ತರು. ನಾನೊಬ್ಬಳು ಅಳಲಿಲ್ಲ. ನನ್ನ ಬಾಯಿಂದ ಬಂದ ಮಾತೇ ಇವರ ಗಂಟಲನ್ನು ಹಿಡಿದಿತ್ತು ಎನ್ನುವುದು ನನಗೊಬ್ಬಳಿಗೆ ಗೊತ್ತಿತ್ತು.

ಭಾನುವಾರ ಎಂಟಕ್ಕೆ ಮೊದಲನೆಯ ಗಂಟೆ ಆಗಬೇಕು. ನಾನು ಹೊಡೆಯಲಿಲ್ಲ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತೆ. ಎಂಟೂವರೆಗೆ ಸಭೆಯ ಪಾದ್ರಿ ಅಯ್ಯನವರು ಬಂದರು. ಪ್ರಸನ್ನ ಅಯ್ಯನವರೆಂದರೆ ಇನ್ನೂ ಹುಡುಗರ ಮುಖ, ನಮ್ಮ ಸಭೆಗೆ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. "ಕೃಪಾಮಣಿಯಮ್ಮಾ, ಕೀ ಕೊಡ್ತೀರಾ? ಗಂಟೆ ನಾನೇ ಹೊಡೀತೀನಿ, ನೀವು ಕೂತ್ಕೊಳಿ" ಎಂದರು.

"ಇವತ್ತು ಬೇಡ ಅಯ್ಯನೋರೇ. ನಾನಿನ್ನೂ ಅವರನ್ನ ಸರಿಯಾಗಿ ಕೇಳಿಸ್ಕೊಂಡಿಲ್ಲ. ಒಂದೇ ಒಂದು ವಾರ ಬಿಡಿ" ಎಂದೆ.

ಅಯ್ಯನವರು ಮೆಟ್ಟಿಲ ಕೆಳಗೆ ಸರಿದು ನಿಂತರು. ಜನ ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಯಾರೋ ಗಟ್ಟಿಯಾಗಿ, "ಆಕೆಗೆ ದುಃಖ ಇದೆ ಅಂತ ದೇವರ ದಿನ ನಿಲ್ಸೋಕಾಗುತ್ತಾ? ಬೀಗ ಒಡೀರಿ" ಎಂದರು. ಅಯ್ಯನವರು ಆ ಕಡೆ ತಿರುಗಿ, "ಒಡೆದು ಒಳಗೆ ಹೋಗಿ ಯಾವ ಮುಖ ಇಟ್ಕೊಂಡು ಮೊಣಕಾಲೂರೋದು? ಈಕೆಯನ್ನ ಮೆಟ್ಟಿಲ ಮೇಲೆ ಬಿಟ್ಟು ಕರ್ತನ ಮೇಜು ಹಾಕಿ ರೊಟ್ಟಿ ಹಂಚೋದು ನನ್ನ ಕೈಲಾಗಲ್ಲ" ಎಂದರು. ಅಂಗಳದಲ್ಲೇ ಒಂದು ಪ್ರಾರ್ಥನೆ ಮಾಡಿ ಎಲ್ಲರನ್ನೂ ಕಳಿಸಿದರು.

ಒಂದು ವಾರ ಎಂದವಳು ನಾನು. ಎರಡನೆಯ ಭಾನುವಾರವೂ ಗಂಟೆ ಹೊಡೆಯಲಿಲ್ಲ, ಮೂರನೆಯದಕ್ಕೂ ಇಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಹೋಗಿ ಇವರ ಬೆಂಚಿನಲ್ಲಿ ಕೂರುತ್ತಿದ್ದೆ. ಇವರು ಎಲ್ಲಿ ನಿಂತು ಹಾಡಿದ್ದರೋ ಅಲ್ಲೇ ಎದ್ದು ನಿಂತು, ಇವರ ಬಾಯಿ ಯಾವ ಎತ್ತರಕ್ಕಿತ್ತೋ ಆ ಎತ್ತರಕ್ಕೆ ಕಿವಿ ಇಟ್ಟರೆ ಪಿಸುಗುಟ್ಟಿದಂತೆ ಹಾಡು ಕೇಳಿಸುತ್ತಿತ್ತು. ಎರಡನೆಯ ಚರಣದಲ್ಲಿ ಒಂದು ಕಡೆ ಉಗುಳು ನುಂಗುವುದು ಕೇಳಿಸುತ್ತಿತ್ತು. ಮೂರನೆಯದರಲ್ಲಿ ಮೂಗಿನಿಂದ ಒಂದು ಉಸಿರು. ಅಷ್ಟಕ್ಕೇ ನನ್ನ ಜೀವ ಅಲ್ಲಾಡುತ್ತಿತ್ತು. ಆಮೇಲೆ ಕೊನೆಯ ಸಾಲಿಗೆ ಕಾಯುವುದು. ಅದು ಬರುವ ಹೊತ್ತಿಗೆ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಬಂತು, ಆಯಿತು, ಮತ್ತೆ ಮೊದಲಿನಿಂದ ಕಾಯುವುದು. ದಿನಕ್ಕೆ ಎಷ್ಟು ಸಲವೋ. ಊಟದ ನೆನಪಿರುತ್ತಿರಲಿಲ್ಲ.

ಅಷ್ಟರಲ್ಲಿ ಸಭೆ ಹೇಗೋ ಹೊಂದಿಕೊಂಡಿತು, ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ. ಅಯ್ಯನವರು ಶಾಲೆಯ ಜಗಲಿಯಲ್ಲಿ ಸತ್ಯವೇದ ಓದಿ ಪ್ರಾರ್ಥನೆ ಮಾಡಿಸುತ್ತಿದ್ದರು. ಮೊದಲನೆಯ ವಾರ ಎಲ್ಲರೂ ಹೋದರು, ಆಮೇಲೆ ಅರ್ಧ, ಆಮೇಲೆ ಹತ್ತು ಹನ್ನೆರಡು ಜನ. ಅಲ್ಲಿ ಹಾಡಲು ಯಾರಿಗೂ ಬಾಯಿ ಬರಲಿಲ್ಲವಂತೆ. ಹಾಡಿದ್ದು ಗಾಳಿಗೆ ಹೋಗಿಬಿಡುತ್ತದೆ, ಹಾಡಿದಂತೆಯೇ ಆಗುವುದಿಲ್ಲ ಎಂದರಂತೆ. ಒಂದು ಮಗುವಿನ ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ಎಜ್ರಪ್ಪನವರ ತಂಗಿಯ ಮಗಳ ಮದುವೆಗೆ ಮೊದಲು ಸಭೆಯ ಮುಂದೆ ಓದಬೇಕಾದ ಚೀಟಿ ನಿಂತುಹೋಯಿತು. ಭಾನುವಾರ ಬೆಳಿಗ್ಗೆ ಜನ ಬಟ್ಟೆ ಒಗೆಯುವುದು ಕಾಣಿಸತೊಡಗಿತು. ನನ್ನನ್ನು ಬೈದವರು ಕಡಿಮೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. "ಪಾಪ" ಎನ್ನುತ್ತಿದ್ದರು.

ಎಲ್ಲರಿಗಿಂತ ಹೆಚ್ಚು "ಪಾಪ" ಎಂದವರು ಎಜ್ರಪ್ಪನವರು. ಅಯ್ಯನವರು ಹಿರಿಯರ ಸಭೆ ಕರೆದಾಗ, "ಆಕೆಯ ಮನಸ್ಸಿಗೆ ಸಮಾಧಾನ ಆಗೋವರೆಗೆ ಇರ್ಲಿ ಬಿಡಿ ಅಯ್ಯನೋರೇ, ಅವಸರ ಏನಿದೆ" ಎಂದರಂತೆ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಅವರು ದಿನಾ ಸಂಜೆ ಬರುತ್ತಿದ್ದರು. "ಒಂದೈದು ನಿಮಿಷ ಕೂತು ಹೋಗ್ತೀನಿ ತಂಗೀ" ಎಂದು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಐದನೆಯ ವಾರ ಒಂದು ಸಂಜೆ ನಾನು ದೀಪದ ಗಾಜು ಒರೆಸುತ್ತ ಅವರ ಹತ್ತಿರ ಹೋದೆ. ಕಣ್ಣು ಮುಚ್ಚಿಕೊಂಡು ಕೂತಿದ್ದರು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಮುಖದಲ್ಲಿ ನಗು. ಕಿವಿಗೊಟ್ಟರೆ ಅಲ್ಲಿ ಅವರದೇ ಧ್ವನಿ. ಎಜ್ರಪ್ಪನವರದು ಗುಡುಗಿನಂಥ ಕಂಠ, ಆ ಭಾನುವಾರ ಅದ್ಭುತವಾಗಿ ಹಾಡಿದ್ದರು, ಒಂದು ಕಡೆಯೂ ಬಿರುಕಿರಲಿಲ್ಲ. ಕಣ್ಣು ಬಿಟ್ಟವರು ನನ್ನನ್ನು ಕಂಡು ಸ್ವಲ್ಪ ನಾಚಿಕೊಂಡು, "ಇಂಥಾದ್ದು ಇನ್ನೊಂದ್ಸಲ ಬರಲ್ಲ ತಂಗೀ. ವಯಸ್ಸಾಯ್ತಲ್ಲ" ಎಂದರು.

ಥೂ, ದೇವರ ಮನೆಯಲ್ಲಿ ಕೂತು ತನ್ನ ಧ್ವನಿಗೆ ತಾನೇ ತಲೆದೂಗುವ ಮುದುಕ, ಎಂದು ನನಗೆ ಮೈಯೆಲ್ಲ ಉರಿಯಿತು. ಗಾಜನ್ನು ಟಪ್ಪೆಂದು ಇಟ್ಟು ಹಿಂದಿನ ಬೆಂಚಿಗೆ ಬಂದು ಕೂತೆ. ಕೂತು, ಇವರ ಧ್ವನಿಗೆ ಕಿವಿ ಇಟ್ಟೆ. ಕಿವಿ ಇಟ್ಟ ಮೇಲೆ ಅವರನ್ನು ಬೈಯುವ ಉತ್ಸಾಹ ಹೋಯಿತು. ಆದರೂ ಮರುದಿನದಿಂದ ಅವರು ಬಂದಾಗ ಬೀಗ ತೆಗೆಯಲಿಲ್ಲ.

ಏಳನೆಯ ಭಾನುವಾರವೂ ಹಾಗೆಯೇ ಕಳೆಯಿತು. ಆ ವಾರದ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲು ತಟ್ಟಿದ ಸದ್ದಾಯಿತು. ಸೊಪ್ಪು ಮಾರುವ ದೀನಮ್ಮ. ಮಾರಿ ಉಳಿದ ಎರಡು ಕಟ್ಟು ದಂಟಿನ ಸೊಪ್ಪು ಬುಟ್ಟಿಯಲ್ಲಿತ್ತು. "ಕೃಪಕ್ಕಾ, ಒಂದ್ಗಳಿಗೆ ಒಳಗೆ ಬಿಡ್ತೀಯಾ?" ಎಂದಳು. ಅವಳನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ಅವಳು ಹತ್ತೊಂಬತ್ತು ವರ್ಷದ ಮಗಳನ್ನು ಜ್ವರದಲ್ಲಿ ಕಳೆದುಕೊಂಡಿದ್ದಳು. ಗಂಡ ಮೊದಲೇ ಇರಲಿಲ್ಲ.

ದೀನಮ್ಮ ಬುಟ್ಟಿಯನ್ನು ಹೊರಗಿಟ್ಟು, ಕಾಲು ಒರೆಸಿಕೊಂಡು, ನೇರವಾಗಿ ಹೆಂಗಸರ ಕಡೆ ಕಿಟಕಿಯ ಪಕ್ಕದ ಬೆಂಚಿಗೆ ಹೋದಳು. ಅದು ಅವಳ ಜಾಗ. ಬಾಗಿ ಕಿವಿಗೊಟ್ಟಳು. ಒಂದು ಸುತ್ತು ಪೂರ್ತಿ ಹಾಗೆಯೇ ಬಾಗಿ ನಿಂತಿದ್ದಳು.

"ಇಲ್ಲಿ ಯಾರೂ ಇಲ್ಲ ಅಕ್ಕಾ" ಎಂದಳು.

ನನಗೆ ಆಗ ನೆನಪಾಯಿತು. ಆ ಭಾನುವಾರ ಅವಳಿಗೆ ಚಳಿಜ್ವರ, ಬಂದಿರಲಿಲ್ಲ. "ನೀನು ಬಂದಿರ್ಲಿಲ್ಲವಲ್ಲೇ" ಎಂದೆ.

"ಹೂಂ. ಒಂದು ವಾರ ಇಲ್ದಿದ್ರೆ ಏನು, ಮುಂದಿನ ವಾರ ಹಾಡ್ತೀನಿ ಅಂದ್ಕೊಂಡಿದ್ದೆ. ದಿನಾ ಸೊಪ್ಪು ಮಾರಿ ಹೋಗುವಾಗ ಒಳಗೆ ಬಂದು ನನ್ನ ಧ್ವನೀನ ಒಂದ್ಸಲ ಕೇಳ್ಕೊಂಡು ಹೋಗೋದು ರೂಢಿ. ನಂದೇನು ಚೆಂದ ಅಂತಲ್ಲ. ಇಷ್ಟು ಜನರ ಜೊತೆ ನಾನೂ ಒಬ್ಬಳು ದೇವರ ಮುಂದೆ ನಿಂತಿದ್ದೀನಲ್ಲ ಅಂತ ಒಂದು ಧೈರ್ಯ. ಈಗ ಏಳು ವಾರದಿಂದ ನಾನಿಲ್ಲದ ಹಾಡೇ ನಡೀತಾ ಇದೆ."

"ಇನ್ನೊಂದು ಸ್ವಲ್ಪ ದಿನ ತಡ್ಕೋ ದೀನಾ."

"ತಡ್ಕೊಂಡಿದ್ದೀನಲ್ಲ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಂದು ನನ್ನ ಪಕ್ಕದಲ್ಲಿ ಕೂತಳು. "ನನ್ನ ಮಗಳು ಹೋದ ವಾರ ಭಾನುವಾರ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದೆ. ನತಾನಣ್ಣ ಗಂಟೆಯ ಹಗ್ಗ ಹಿಡ್ಕೊಂಡು ನಿಂತಿದ್ರು. ಹೊತ್ತಾಗಿದ್ರೂ ಹೊಡೀಲಿಲ್ಲ. ಮೂರು ಸುತ್ತು ಹಾಡು ಆಯ್ತು. ಆಮೇಲೆ ಹತ್ರ ಬಂದು, 'ದೀನಾ, ಹೊಡೀಲಾ?' ಅಂದ್ರು. ಹೂಂ ಅಂದೆ. ಆ ಒಂದು ಹೂಂ ಅನ್ನೋದಕ್ಕೆ ನನ್ನ ಕರುಳು ಕಿತ್ತು ಬಂತು ಅಕ್ಕಾ."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಗಂಟೆ ತಡವಾಯಿತೆಂದು ಮನೆಗೆ ಬಂದ ಮೇಲೆ ಇವರಿಗೆ ನಾನು ಮಂಗಳಾರತಿ ಮಾಡಿದ್ದೆ. ಯಾಕೆ ತಡವಾಯಿತೆಂದು ಇವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಯಾಕೆ ಹೂಂ ಅಂದೆ? ಬೇಡ ಅನ್ನಬಹುದಿತ್ತಲ್ಲ" ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ದೀನಮ್ಮ ಕಿಟಕಿಯ ಪಕ್ಕದ ತನ್ನ ಬೆಂಚಿನ ಕಡೆ ನೋಡಿದಳು. "ಅವಳು ಹಾಡಿದ್ದು ನನಗಲ್ವಲ್ಲಕ್ಕಾ. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ಯಾರಿಗೆ ಹಾಡಿದ್ಲೋ ಅವರಿಗೆ ಅವತ್ತೇ ಮುಟ್ಟಿದೆ. ಅದನ್ನ ನಾನು ಹಿಡ್ಕೊಂಡು ಕೂತ್ರೆ, ಅವಳು ಕೊಟ್ಟದ್ದನ್ನ ನಾನು ಅಡ್ಡ ಕೈ ಹಾಕಿ ಇಸ್ಕೊಂಡ ಹಾಗಾಗಲ್ವಾ?" ಎಂದಳು. ಆಮೇಲೆ, "ನಾನು ಬದುಕಿದ್ದೀನಿ ಅಕ್ಕಾ. ಎಂಟು ಭಾನುವಾರದಿಂದ ಹಾಡಿಲ್ಲ. ಮೈಯೆಲ್ಲ ಕಟ್ಟಿ ಹಾಕ್ದಂಗಿದೆ" ಎಂದಳು.

ನನಗೆ ತಡೆಯಲಾರದಷ್ಟು ಕೋಪ ಬಂತು. "ನಿನ್ನ ಮಗಳು ಬಾಯ್ತುಂಬ ಹಾಡಿ ಹೋದ್ಲು ಕಣೇ! ನನ್ನ ಗಂಡ ನನ್ನ ಮಾತಿಗೆ ಹೆದರಿ ಬಾಯಿ ಮುಚ್ಕೊಂಡು ಹೋದ್ರು. ನಿಂಗೇನು ಗೊತ್ತು? ಎದ್ದು ಹೋಗು ನೀನು" ಎಂದು ಕೂಗಿದೆ. ಯಾರಿಗೂ ಹೇಳದಿದ್ದ ಮಾತು ಹಾಗೆ ಹೊರಗೆ ಬಿತ್ತು. ದೀನಮ್ಮ ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟು ಎದ್ದು ಹೋದಳು. ಎರಡು ಕಟ್ಟು ಸೊಪ್ಪನ್ನು ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದಳು. ಅದನ್ನು ನೋಡಿ ನಾನು ಅತ್ತೆ. ಇವರು ಹೋದ ಮೇಲೆ ಮೊದಲನೆಯ ಸಲ, ಸೆರಗು ಬಾಯಿಗೆ ತುರುಕಿಕೊಂಡು, ಹೊಟ್ಟೆ ನೋಯುವಷ್ಟು ಅತ್ತೆ.

ಅತ್ತು ಸುಸ್ತಾಗಿ ಕೂತಿದ್ದಾಗ ಹಾಡು ನಡೆಯುತ್ತಲೇ ಇತ್ತು. ಅವತ್ತು ನಾನು ಇವರ ಬೆಂಚಿಗೆ ಕಿವಿ ಇಡಲಿಲ್ಲ, ಶಕ್ತಿ ಇರಲಿಲ್ಲ. ಇದ್ದಲ್ಲೇ ಎಲ್ಲರದ್ದೂ ಕೇಳಿಸಿತು. ಬರಿಗೈಯಲ್ಲಿ ಬಂದವರು, ನಿನ್ನದನ್ನೇ ನಿನಗೆ ತಂದವರು ಎಂದು ಶುರುವಾಗುವ ಹಾಡು ಅದು. ಹುಟ್ಟಿದಾಗಿನಿಂದ ಹಾಡಿದ್ದೇನೆ. ಕೊನೆಯ ಸಾಲು ಬಂತು. "ನೀ ಕೊಟ್ಟದ್ದೆಲ್ಲ, ಇಗೋ, ನಿನ್ನ ಕೈಗೆ." ಏಳು ವಾರ ನಾನು ಆ ಸಾಲಿಗಾಗಿ ಉಸಿರು ಹಿಡಿದಿದ್ದೆ, ಆದರೆ ಇವರ ಧ್ವನಿಯನ್ನಷ್ಟೇ ಕೇಳಿದ್ದೆ, ಮಾತನ್ನು ಕೇಳಿರಲಿಲ್ಲ. ಅವತ್ತು ಮಾತು ಕೇಳಿಸಿತು. ಉಳಿದದ್ದನ್ನೆಲ್ಲ ನನಗಾಗಿ ಮೆಲ್ಲಗೆ ಹಾಡಿದವರು ಇದೊಂದನ್ನು ನನಗಾಗಿ ಮೆಲ್ಲಗೆ ಹಾಡಲಾರದೇ ಹೋಗಿದ್ದರು. ಎರಡೂ ಕೈಯಿಂದ ಎತ್ತಿ ಕೊಟ್ಟಂತೆ ಇತ್ತು ಅದು. ಆ ಎಲ್ಲದರಲ್ಲಿ ನಾನೂ ಇದ್ದೆ ಎಂದು ನನಗನಿಸಿತು. ಅವರು ಕೊಟ್ಟು ಮುಗಿಸಿದ್ದರು. ನಾನು ಬಾಗಿಲು ಹಾಕಿಕೊಂಡು, ಬೀಗ ಜಡಿದು, ಕೊಡುವುದಿಲ್ಲ ಎಂದು ಕೂತಿದ್ದೆ.

ಇಷ್ಟಾದ ಮೇಲೆ ಮನಸ್ಸು ಹಗುರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಶುಕ್ರವಾರವೂ ಹೋಗಿ ಕಿವಿ ಇಟ್ಟೆ, ಶನಿವಾರವೂ. ಶನಿವಾರ ಕಸ ಗುಡಿಸಿದೆ, ಏಳು ವಾರದ ಧೂಳು. ಕರ್ತನ ಮೇಜಿನ ಬಿಳಿ ಬಟ್ಟೆಯನ್ನು ಒಗೆದು ಗಂಜಿ ಹಾಕಿದೆ. ಅಯ್ಯನವರ ಮನೆಗೆ ಹೋಗಿ, "ನಾಳೆ ಗಂಟೆ ಹೊಡೀತೀನಿ" ಎಂದೆ. ಅವರು ಊಟಕ್ಕೆ ಕೂತಿದ್ದವರು ಎಂಜಲು ಕೈಯಲ್ಲೇ ಎದ್ದು ನಿಂತರು. ಹಾಗೆಯೇ ತಲೆಯಾಡಿಸಿದರು. ದೀನಮ್ಮನ ಮನೆಗೂ ಹೋದೆ. ಬೈದದ್ದಕ್ಕೆ ತಪ್ಪಾಯಿತು ಎನ್ನಲು ಹೋದವಳು, "ನಾಳೆ ಜ್ವರಗಿರ ಅಂತ ಮನೇಲಿ ಮಲಗಬೇಡ" ಎಂದಷ್ಟೇ ಹೇಳಿ ಬಂದೆ. ನನ್ನ ಬುದ್ಧಿ ಗೊತ್ತಿದ್ದವಳು, ನಕ್ಕಳು.

ಭಾನುವಾರ ಎಂಟಕ್ಕೆ ಗಂಟೆ ಹೊಡೆದೆ. ಹಗ್ಗ ಎಳೆಯುವುದು ನೋಡಿದಷ್ಟು ಸುಲಭವಲ್ಲ, ಮೊದಲ ಮೂರು ಪೆಟ್ಟು ಸೊಟ್ಟಗೆ ಬಿತ್ತು. ಅದನ್ನು ಕೇಳಿಯೇ ಜನ ಮನೆಗಳಿಂದ ಹೊರಗೆ ಬಂದರಂತೆ. ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಬಂದವರಿದ್ದರು. ಎಜ್ರಪ್ಪನವರು ನನ್ನ ಮುಖ ನೋಡದೆ ಒಳಗೆ ಹೋಗಿ ಕೂತರು. ಚರ್ಚು ತುಂಬಿತು, ಬೆಂಚು ಸಾಲದೆ ಗೋಡೆಗೆ ಆತು ನಿಂತರು. ಒಳಗೆ ಹಳೆಯ ಹಾಡು ನಡೆಯುತ್ತಲೇ ಇತ್ತು, ಎಲ್ಲರ ಬೆಂಚಿನಲ್ಲೂ ಎಲ್ಲರ ಎಂಟು ವಾರದ ಹಿಂದಿನ ಧ್ವನಿ. ಮುಂದಿನ ಬೆಂಚಿಗೆ ಬಾ ಎಂದು ಕರೆದರು, ನಾನು ಹೋಗಲಿಲ್ಲ. ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲೇ ಕೂತೆ. ಆಚೆ ಇವರ ಜಾಗವನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಅಯ್ಯನವರು ಎದ್ದು ನಿಂತು, "ಕರ್ತನ ಮನೆಗೆ ಹೋಗೋಣ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡು ಬಂದಿದ್ದೀವಿ. ಎದ್ದು ನಿಂತು ಹಾಡೋಣ" ಎಂದು ಹಾಡಿನ ಹೆಸರು ಹೇಳಿದರು. ಬೆಳಗಿನ ಸ್ತುತಿಯ ಹಾಡು, ಮಕ್ಕಳಿಗೂ ಬರುವಂಥದ್ದು. ಹಾರ್ಮೋನಿಯಂ ಒಂದು ಸಲ ಮಟ್ಟು ನುಡಿಸಿ ನಿಂತಿತು. ಎಲ್ಲರೂ ಎದ್ದರು. ಯಾರೂ ಹಾಡಲಿಲ್ಲ. ಹಾರ್ಮೋನಿಯಂ ಇನ್ನೊಂದು ಸಲ ನುಡಿಯಿತು. ಆಗಲೂ ಇಲ್ಲ. ಎಜ್ರಪ್ಪನವರು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡದ್ದನ್ನು ಕಂಡೆ. ಅಯ್ಯನವರು ಕೂಡ ಪುಸ್ತಕ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ನತಾನಪ್ಪನ ಧ್ವನಿ ಅಳಿಸುವ ಮೊದಲನೆಯ ಬಾಯಿ ತಮ್ಮದಾಗಬಾರದು ಎಂದು ಇನ್ನೂರು ಜನ ನಿಂತಿದ್ದರು. ಹಳೆಯ ಹಾಡು ಒಂದು ಸುತ್ತು ಮುಗಿಸಿತು. ಇವರ ಕೊನೆಯ ಸಾಲು ಚರ್ಚನ್ನೆಲ್ಲ ತುಂಬಿ ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು.

ಇನ್ನೊಂದು ಸಲ ಕೇಳಿಬಿಡೋಣ ಎಂದು ನನಗೆ ಆಸೆಯಾಯಿತು. ಒಂದೇ ಒಂದು ಸುತ್ತು, ಆ ಸಾಲು ಬರುವವರೆಗೆ. ಎರಡನೆಯ ಚರಣ ಬಂತು, ಅಲ್ಲಿ ಇವರು ಉಗುಳು ನುಂಗುತ್ತಾರೆ. ಮೂರನೆಯದು ಬಂತು. ಆ ಸಾಲಿನ ತನಕ ಕಾದರೆ ಇನ್ನೊಂದು ಸುತ್ತಿಗೂ ಕಾಯುತ್ತೇನೆ, ಮುಂದಿನ ಭಾನುವಾರಕ್ಕೂ ಕಾಯುತ್ತೇನೆ ಎಂದು ಗೊತ್ತಾಯಿತು. ಮುಂದೆ ಕಿಟಕಿಯ ಪಕ್ಕ ದೀನಮ್ಮ ನಿಂತಿದ್ದಳು, ತಿರುಗಿ ನೋಡಲಿಲ್ಲ, ಕಾಯುತ್ತಿದ್ದಳು.

ನಾನು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ, ಇನ್ನೊಂದು ಸಲ ತೆರೆದೆ. ಬಂದದ್ದು ಹಾಡಿನಂತಿರಲಿಲ್ಲ, ಮಟ್ಟು ಎಲ್ಲೋ ನಾನೆಲ್ಲೋ. "ಎದ್ದೆವು ನಿನ್ನ ಬೆಳಕಿಗೆ, ಒಡೆಯನೇ" ಎಂದು ಒಬ್ಬಳೇ ಒಂದು ಸಾಲು ಹಾಡಿದೆ. ಎರಡನೆಯ ಸಾಲಿಗೆ ದೀನಮ್ಮ ಸೇರಿದಳು. ಆಮೇಲೆ ಅಯ್ಯನವರು, ಆಮೇಲೆ ಎಜ್ರಪ್ಪನವರು ಬಿರುಕು ಬಿಟ್ಟ ಧ್ವನಿಯಲ್ಲಿ ಅಳುತ್ತಲೇ, ಆಮೇಲೆ ಎಲ್ಲರೂ. ನಾನು ಯಾರ ಕಡೆಯೂ ನೋಡಲಿಲ್ಲ. ಕಣ್ಣು ಮುಚ್ಚಿ, ನನ್ನಲ್ಲಿ ಇದ್ದಷ್ಟು ಉಸಿರನ್ನೂ ಹಾಕಿ ಹಾಡಿದೆ, ಮೂವತ್ತನಾಲ್ಕು ವರ್ಷ ಈ ಬೆಂಚಿನಲ್ಲಿ ನಿಂತು ಒಂದು ದಿನವೂ ಹಾಗೆ ಹಾಡಿರಲಿಲ್ಲ. ನಮ್ಮ ಯಜಮಾನರು ಆ ಹಳೆಯ ಹಾಡನ್ನು ಯಾವ ಮಾತಿಗೆ ನಿಲ್ಲಿಸಿದರೋ ನನಗೆ ಗೊತ್ತಿಲ್ಲ. ನಾನು ಹಾಡುತ್ತಿದ್ದೆ.